ಎಡಗಡೆಯ ಚೀಲ

ಇದ್ದ ಕಾಲನ್ನು ಕಟ್ಟಿಕೊಂಡು ಕುಂಟನ ವೇಷದಲ್ಲಿ ತಿರುಗುವ ಮನುಷ್ಯನನ್ನು ನೀವು ನೋಡಿರಲಾರಿರಿ. ತರೀಕೆರೆಯವರು ಹತ್ತೊಂಬತ್ತು ವರ್ಷ ನೋಡಿದ್ದಾರೆ. ಅವನು ಪಂಚಾಕ್ಷರಪ್ಪ, ಅಜ್ಜಂಪುರಕ್ಕೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಬೈಕ್ ಮೇಸ್ತ್ರಿ. ವರ್ಷಕ್ಕೆ ನಾಲ್ಕೈದು ಸಲ ತನ್ನದೊಂದು ಕಾಲನ್ನು ಹಿಂದಕ್ಕೆ ಮಡಚಿ, ಹಳೇ ಸೈಕಲ್ ಟ್ಯೂಬಿನಿಂದ ತೊಡೆಗೆ ಬಿಗಿದು, ಬೈಕ್ ಹತ್ತಿ ಅಜ್ಜಂಪುರದ ರೈಲ್ವೆ ಸ್ಟೇಷನ್ ಮುಟ್ಟಿ ವಾಪಸು ಬರುತ್ತಿದ್ದ. ಒಂದು ಸಲ ಸ್ಟೇಷನ್ ಮುಂದೆ ದಣಿವಾರಿಸಿಕೊಳ್ಳಲು ನಿಂತಿದ್ದಾಗ ಯಾವಳೋ ಪುಣ್ಯಾತ್ಗಿತ್ತಿ ಅವನ ಜೇಬಿಗೆ ಹತ್ತು ರೂಪಾಯಿ ತುರುಕಿ ಹೋದಳಂತೆ. ಆ ನೋಟನ್ನು ಅವನು ಶೆಡ್ಡಿನಲ್ಲಿ ಬಸವಣ್ಣನ ಪಟದ ಪಕ್ಕ ಅಂಟಿಸಿ, ಬಂದವರಿಗೆಲ್ಲ ತೋರಿಸಿ ನಗುತ್ತಿದ್ದ.

ಅದು ಹುಚ್ಚಲ್ಲ, ಅವನು ಕೆಲಸ ಮಾಡುವ ಕ್ರಮ. ಕಾಲು ಕಳೆದುಕೊಂಡವರಿಗೆ ಅವನು ಬೈಕು ಮಾರ್ಪಡಿಸಿ ಕೊಡುತ್ತಿದ್ದ. ಲಾರಿಗೆ ಸಿಕ್ಕಿದವರು, ಒಕ್ಕಣೆ ಮೆಷಿನ್ನಿಗೆ ಸಿಕ್ಕಿದವರು, ಶುಗರ್ ಬಂದು ಕತ್ತರಿಸಿಕೊಂಡವರು, ಯಾರಾದರೂ ಸರಿ. ಬಲಗಾಲು ಹೋಗಿದ್ದರೆ ಕೆಲಸ ಸುಲಭ, ಹಿಂದಿನ ಬ್ರೇಕನ್ನು ಕಾಲಿನಿಂದ ತೆಗೆದು ಕೈಗೆ ಕೊಟ್ಟರಾಯಿತು. ಎಡಗಾಲು ಹೋಗಿದ್ದರೆ ಮೇಸ್ತ್ರಿಯ ಅಸಲಿ ಕಸುಬು ಕಾಣುತ್ತಿತ್ತು. ಗೇರು ಇರುವುದೇ ಎಡಗಾಲಿಗೆ. ಅದಕ್ಕೊಂದು ಕಬ್ಬಿಣದ ಸರಳು ಬೆಸೆದು, ಇಂಜಿನ್ನಿನ ಕೆಳಗಿಂದ ಹಾಯಿಸಿ ಬಲಗಾಲಿಗೆ ಗೇರು ಕೊಡುತ್ತಿದ್ದ. ಬ್ರೇಕನ್ನು ಎಡಗೈಯಲ್ಲಿ ಕ್ಲಚ್ಚಿನ ಕೆಳಗೆ ಇನ್ನೊಂದು ಹಿಡಿಕೆಯಾಗಿ ಕೂರಿಸುತ್ತಿದ್ದ. ಪಕ್ಕಕ್ಕೆ ಚಕ್ರ ಹಾಕಿಕೊಡಿ ಅಂದವರ ಮೇಲೆ ಮಾತ್ರ ಉರಿದು ಬೀಳುತ್ತಿದ್ದ. "ಅದು ಬೈಕಲ್ಲ ಕಣಯ್ಯ, ತೊಟ್ಲು. ಮಲಗಿ ಜೋಗುಳ ಹಾಡಿಸ್ಕೋ ಹೋಗು" ಎಂದು ಅಟ್ಟುತ್ತಿದ್ದ. ಲೈಸೆನ್ಸು, ಕಾಗದಪತ್ರ ಅಂತ ಯಾರಾದರೂ ಬಾಯಿ ತೆಗೆದರೆ ಸ್ಪ್ಯಾನರ್ ಹುಡುಕಲು ಎದ್ದು ಹೋಗುತ್ತಿದ್ದ.

ಗಿರಾಕಿಯ ಯಾವ ಕಾಲು ಇಲ್ಲವೋ ತನ್ನ ಆ ಕಾಲನ್ನು ಕಟ್ಟಿಕೊಂಡು ತಾನೇ ಅಜ್ಜಂಪುರದವರೆಗೆ ಓಡಿಸಿ ನೋಡದೆ ಅವನು ಗಾಡಿ ಕೈಗೆ ಕೊಟ್ಟವನಲ್ಲ. ಇದು ಅವನ ವ್ರತ, ಅವನ ಜಂಬವೂ ಹೌದು. ಹೆಂಡತಿ ಗುರುಶಾಂತಮ್ಮನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ.

"ಏನ್ರೀ, ಇರೋ ಕಾಲನ್ನ ಇಲ್ಲ ಅಂತ ಆಡಬಾರ್ದು. ಶಿವ ಅಸ್ತು ಅಂದ್ಬಿಟ್ಟಾನು."

"ಶಿವನಿಗೆ ಬೇರೆ ಕೆಲ್ಸ ಇಲ್ವೇನೇ? ಹೋಗು, ರೊಟ್ಟಿ ತಟ್ಟು."

ಹೀಗೆ ಅವನಿಂದ ಗಾಡಿ ಮಾಡಿಸಿಕೊಂಡವರಲ್ಲಿ ಒಬ್ಬ ದೊಡ್ಡಬೀರಪ್ಪ. ಕಡೂರಿನ ಆಚೆ ಎಮ್ಮೆದೊಡ್ಡಿ ಕಡೆಯವನು. ಹಗ್ಗ, ಮೂಗುದಾರ, ಗೆಜ್ಜೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರ. ಜೋಳದ ಮೆಷಿನ್ನು ಎಡಗಾಲನ್ನು ತೊಡೆಯವರೆಗೆ ತಿಂದು ಹಾಕಿತ್ತು. ಒಂದು ಕಾಲಕ್ಕೆ ಚೆನ್ನಾಗಿ ಕುಡಿಯುತ್ತಿದ್ದ, ಸುಳ್ಳೇಕೆ? ಕಾಲು ಹೋದ ದಿನ ಬಿಟ್ಟಿದ್ದು ಮತ್ತೆ ಮುಟ್ಟಲಿಲ್ಲ. ಪಂಚಾಕ್ಷರಪ್ಪ ಮಾಡಿಕೊಟ್ಟ ಬೈಕು ಹತ್ತಿದ ಮೇಲೆ ಮನುಷ್ಯ ಬೇರೆಯೇ ಆಗಿಬಿಟ್ಟ. ಬೀರೂರಿನ ಸಂತೆ ಮುಗಿಸಿ, ಸರ್ವೀಸಿನ ನೆಪ ಮಾಡಿಕೊಂಡು ತರೀಕೆರೆಗೆ ಬಂದು, ಮೇಸ್ತ್ರಿಗೆ ಒಂದು ಕವಳೆ ವೀಳ್ಯದೆಲೆ ಕೊಟ್ಟು, ಅರ್ಧ ಗಂಟೆ ಹರಟೆ ಹೊಡೆದು ಹೋಗುತ್ತಿದ್ದ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಗೇ ಬಂದ. ಬೈಕಿನ ಎಡಗಡೆಗೆ ಕಾಲಿರಬೇಕಾದ ಜಾಗದಲ್ಲಿ ಒಂದು ಚೀಲ ಬಿಗಿದಿತ್ತು. ಪಂಚಾಕ್ಷರಪ್ಪನಿಗೆ ತನ್ನ ಗಾಡಿಗಳ ಮೇಲೆ ಚೀಲ ಕಂಡರೆ ಮೈಯೆಲ್ಲ ಉರಿ. ಹಿಂದೆಯೂ ಒಬ್ಬಿಬ್ಬರು ಹೀಗೆ ಕಟ್ಟಿಕೊಂಡು ಬಂದು ಬೈಸಿಕೊಂಡಿದ್ದರು.

"ಇದೇನಯ್ಯ ಬೀರಪ್ಪ, ನನ್ನ ಗಾಡಿನ ಕತ್ತೆ ಮಾಡಿದ್ದೀಯ? ಬ್ಯಾಲೆನ್ಸು ಕೆಡುತ್ತೆ, ತೆಗಿ ಅದನ್ನ."

"ಇರ್ಲಿ ಬಿಡಣ್ಣ. ನಮ್ಮ ಮನೆಯವಳು ಶಂಕ್ರಿ ಹೊಲ್ದಿರೋದು. ಗಾಡಿ ಒಂಚೂರು ಎಳೀತದೆ ಅಂತ…"

"ಎಳೆಯುತ್ತಾ? ನನ್ನ ಗಾಡಿ? ಲೇ, ಒಂದು ಕಾಲು ಕಟ್ಕೊಂಡು ಅಜ್ಜಂಪುರಕ್ಕೆ ಹೋಗಿ ಬಂದೋನು ನಾನು. ನಿನಗಿಂತ ಚೆನ್ನಾಗಿ ಗೊತ್ತು ನನಗೆ."

ಅಂದವನೇ ಚಾಕು ತೆಗೆದು ಚೀಲದ ಹಗ್ಗ ಕತ್ತರಿಸಿ ಮೂಲೆಯ ಗುಜರಿಯೊಳಗೆ ಎಸೆದ. ಹಗ್ಗ ತುಂಬಿದ ಚೀಲಕ್ಕೆ ಇಷ್ಟು ಭಾರವೇ ಎಂದು ಒಂದು ಕ್ಷಣ ಅನ್ನಿಸಿತು. ಬಿಚ್ಚಿ ನೋಡಲಿಲ್ಲ. ಬೀರಪ್ಪ ಮೂಲೆಯನ್ನೂ ಮೇಸ್ತ್ರಿಯ ಮುಖವನ್ನೂ ನೋಡಿದ. "ನೀವು ಹೇಳಿದ್ ಮೇಲೆ ಮುಗೀತಣ್ಣ" ಎಂದು ನಕ್ಕು ಹೊರಟ.

ಆವತ್ತು ಸಂಜೆ ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಹತ್ತಿರ ಅಮೃತಮಹಲ್ ದನಗಳ ಹಿಂಡು ರಸ್ತೆ ದಾಟುತ್ತಿತ್ತು. ಬೀರಪ್ಪ ಗಾಡಿ ನಿಲ್ಲಿಸಿದ. ನಿಲ್ಲಿಸಿದ ಗಾಡಿ ಎಡಕ್ಕೆ ಉರುಳಿತು. ಎಡಕ್ಕೆ ಊರಲು ಕಾಲೆಲ್ಲಿದೆ? ಮೋರಿಯ ಕಲ್ಲಿಗೆ ತಲೆ ಬಡಿಯಿತು, ಹೆಲ್ಮೆಟ್ಟು ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. ದನ ಕಾಯುವವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿದ ಮಾರನೇ ದಿನ ಬೀರಪ್ಪನ ತಮ್ಮ ಲಕ್ಷ್ಮಣಪ್ಪ ನಾಲ್ಕು ಜನರನ್ನು ಕರೆದುಕೊಂಡು ಶೆಡ್ಡಿಗೆ ಬಂದ. ಜಗಳಕ್ಕೆ ಬಂದವನಲ್ಲ. ಗಾಡಿಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿತ್ತಾ ಎಂದು ಕೇಳಿದ, ಅಷ್ಟೇ. ಪಂಚಾಕ್ಷರಪ್ಪ ಹೆದರಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ, ಸತ್ತವನನ್ನೇ ಡೊಂಕು ಅಂದುಬಿಟ್ಟ.

"ಗಾಡೀದೇನೂ ತಪ್ಪಿಲ್ಲ ಲಕ್ಷ್ಮಣಪ್ಪ. ನಿಂತ ಗಾಡಿಯಿಂದ ಯಾರಾದ್ರೂ ಬಿದ್ದು ಸಾಯ್ತಾರಾ, ನೀನೇ ಹೇಳು? ಆವತ್ತು ನನ್ನ ಹತ್ರ ಬಂದಾಗ್ಲೇ ವಾಸ್ನೆ ಹೊಡೀತಿತ್ತು."

ವಾಸನೆ ಹೊಡೆಯುತ್ತಿರಲಿಲ್ಲ. ಎಲೆ ಅಡಿಕೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಬೀರಪ್ಪ ಹಿಂದೆ ಕುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಮಾತು, ಮೇಸ್ತ್ರಿ ಲಿಂಗ ಕಟ್ಟಿದ ದೊಡ್ಡ ಮನುಷ್ಯ, ಸುಳ್ಳು ಹೇಳುವವನಲ್ಲ. ನಾಲ್ವರೂ ತಲೆ ಅಲ್ಲಾಡಿಸಿ ಹೋದರು. ಪಂಚಾಕ್ಷರಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನದಿಂದ ಮಾಡಿದ. ತನ್ನ ಗಾಡಿ ತಪ್ಪಿಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ, ತಪ್ಪಿಲ್ಲ ಅಂದಮೇಲೆ ಬೀರಪ್ಪ ಎಲ್ಲೋ ಒಂದು ಗುಟುಕು ಹಾಕಿಯೇ ಇರಬೇಕು ಎಂದು ಬರಬರುತ್ತಾ ಅದನ್ನೂ ನಂಬಿದ.

ಶಿವ ಅಸ್ತು ಅಂದದ್ದು ಹೋದ ವರ್ಷ. ಪಂಚಾಕ್ಷರಪ್ಪನಿಗೆ ಶುಗರ್ ಬಂದು ಬಹಳ ಕಾಲವಾಗಿತ್ತು, ಪಾದಗಳಿಗೆ ಜೋಮು ಹಿಡಿದು ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಯಾರದೋ ಗಾಡಿ ನೋಡಲು ಎಡಗಾಲು ಕಟ್ಟಿಕೊಂಡು ಹೋಗಿ ಬಂದ ದಿನ ಟ್ಯೂಬು ಪಾದದ ಹರಡಿನ ಹತ್ತಿರ ಚರ್ಮ ಉಜ್ಜಿತ್ತು. ನೋವಿಲ್ಲ, ಹಾಗಾಗಿ ನೋಡಲಿಲ್ಲ. ಗುರುಶಾಂತಮ್ಮ ವಾಸನೆ ಹಿಡಿದು ಕಾಲ್ಚೀಲ ಬಿಚ್ಚಿಸುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಶಿವಮೊಗ್ಗದಲ್ಲಿ ಮೊದಲು ಬೆರಳು, ಆಮೇಲೆ ಪಾದ, ಕೊನೆಗೆ ಮಂಡಿಯ ಮೇಲಿನವರೆಗೆ ತೆಗೆದರು. ಗುರುಶಾಂತಮ್ಮ ಒಂದು ದಿನವೂ 'ನಾನು ಹೇಳಿದ್ದೆ' ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಊರವರು ಸಮಾಧಾನ ಹೇಳಿದ್ದೇ ಹೇಳಿದ್ದು. "ಮೇಸ್ತ್ರಿಗೇನ್ರೀ, ಊರಿಗೆಲ್ಲ ಕಾಲು ಕೊಟ್ಟೋನು, ತನ್ನ ಕಾಲು ತಾನೇ ಮಾಡ್ಕೊತಾನೆ." ಅವನೂ ಹಾಗೇ ಅಂದುಕೊಂಡ. ಸ್ಟೂಲಿನ ಮೇಲೆ ಕೂತು ಮೂರು ತಿಂಗಳು ಬೆಸೆದು, ಉಜ್ಜಿ, ತನ್ನ ಬೈಕಿಗೆ ತನ್ನದೇ ಗೇರು ಕೂರಿಸಿದ. ಹೊರಡುವ ದಿನ ಗುರುಶಾಂತಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಆರತಿ ಎತ್ತಿದಳು, ರಸ್ತೆಯ ಜನವೆಲ್ಲ ಸೇರಿದರು. ಈ ಸಲ ಟ್ಯೂಬು ಬೇಕಿರಲಿಲ್ಲ.

ಹೊರಟ ಒಂದು ಫರ್ಲಾಂಗಿನಲ್ಲೇ ಗಾಡಿ ಬಲಕ್ಕೆ ಎಳೆಯಿತು. ಹ್ಯಾಂಡಲ್ ಸೊಟ್ಟಗಾಗಿದೆಯೇನೋ ಎಂದು ವಾಪಸು ಬಂದು ಬಿಚ್ಚಿ ನೋಡಿದ, ನೆಟ್ಟಗಿತ್ತು. ಚಕ್ರ ನೋಡಿದ, ಅದೂ ನೆಟ್ಟಗಿತ್ತು. ಮತ್ತೆ ಹತ್ತಿದ, ಮತ್ತೆ ಎಳೆಯಿತು. ಎಳೆದಷ್ಟೂ ಮೈಯನ್ನು ಎಡಕ್ಕೆ ವಾಲಿಸಿಕೊಂಡು ಓಡಿಸಿದ. ರಸ್ತೆಯ ಹಂಪಿನ ಹತ್ತಿರ ನಿಧಾನ ಮಾಡಿದಾಗ ವಾಲಿದ ಮೈ ವಾಲಿದ ಕಡೆಗೇ ಹೋಯಿತು. ಬಿದ್ದವನನ್ನು ಇಬ್ಬರು ಎತ್ತಿ ಕೂರಿಸಿದರು. ಭುಜ ತರಚಿತ್ತು. ಆದರೆ ಬೀಳುತ್ತಾ ಬೀಳುತ್ತಾ ಅವನ ಕಿವಿಯಲ್ಲಿ ಬೀರಪ್ಪನ ಮಾತು ಕೇಳಿಸಿತ್ತು. ಗಾಡಿ ಒಂಚೂರು ಎಳೀತದೆ ಅಂತ.

ಮರುದಿನ ಅಜ್ಜಂಪುರದಿಂದ ಚೌಡಪ್ಪ ನೋಡಲು ಬಂದ. ಜೆರಾಕ್ಸ್ ಅಂಗಡಿಯವನು, ಎಡಗಾಲಿಲ್ಲದವನು, ಪಂಚಾಕ್ಷರಪ್ಪನ ಮೊಟ್ಟಮೊದಲ ಗಿರಾಕಿ. ಬೈಕಿನ ಎಡಪಕ್ಕ ನೋಡಿ, "ಚೀಲ ಕಟ್ಟಿಲ್ವಾ ಅಣ್ಣ?" ಎಂದ.

"ಎಂಥ ಚೀಲ?"

 ಚೌಡಪ್ಪ ಕೋಲೂರಿಕೊಂಡು ಪಕ್ಕದ ಟೀ ಅಂಗಡಿಗೆ ಹೋಗಿ, ಅಲ್ಲಿ ಬೆಂಚಿನ ಕೆಳಗಿದ್ದ ಒಂದು ಚೀಲವನ್ನು ಅಂಗಡಿಯವನ ಕೈಲಿ ಹೊರಿಸಿಕೊಂಡು ಬಂದ. ಒಳಗೆ ಮರಳಿತ್ತು.

"ಹೋದ ಕಾಲಿನ ತೂಕ ಅಣ್ಣ ಇದು. ಇದಿಲ್ದಿದ್ರೆ ಗಾಡಿ ಇರೋ ಕಾಲಿನ ಕಡೆ ಎಳೀತದೆ. ಎಳೀತದೆ ಅಂತ ನಾವು ಈ ಕಡೆ ವಾಲ್ಕೊಂಡು ಓಡಿಸ್ತೀವಿ. ನಿಲ್ಸಿದ್ರೆ ವಾಲಿದ ಕಡೆಗೇ ಬೀಳ್ತೀವಿ."

"ನಾನು ಓಡಿಸಿದ್ನಲ್ಲೋ! ಪ್ರತಿಯೊಂದನ್ನೂ ಕಾಲು ಕಟ್ಕೊಂಡು ಓಡಿಸಿದ್ನಲ್ಲ!"

"ಕಟ್ಟಿದ ಕಾಲು ಗಾಡಿ ಮೇಲೇ ಇರ್ತಿತ್ತಲ್ಲಣ್ಣ" ಎಂದ ಚೌಡಪ್ಪ, ಮಗುವಿಗೆ ಹೇಳುವಷ್ಟು ಮೆತ್ತಗೆ. "ನಮ್ಮದು ಎಲ್ಲೋ ಮಣ್ಣಲ್ಲಿದೆ."

ಪಂಚಾಕ್ಷರಪ್ಪ ಚೀಲವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದ. ಹತ್ತೊಂಬತ್ತು ವರ್ಷ! ಮಡಚಿ ಕಟ್ಟಿದ ಕಾಲಿನ ಪೂರಾ ತೂಕ ಸೀಟಿನ ಮೇಲೆ ಹೊತ್ತುಕೊಂಡು ಅಜ್ಜಂಪುರಕ್ಕೆ ಹೋಗಿ, ಗಾಡಿ ನೆಟ್ಟಗಿದೆ ಎಂದು ಬೀಗಿದ್ದ. ಇಷ್ಟು ಸಣ್ಣ ವಿಷಯ ಹೊಳೆಯದೆ ಹೋಯಿತಲ್ಲ ಈ ತಲೆಗೆ!

"ಎಲ್ರಿಗೂ ಗೊತ್ತಿತ್ತೇನೋ?"

"ಮೊದಲ ವಾರದಲ್ಲೇ ಗೊತ್ತಾಗ್ತದೆ."

"ಹೇಳೋಕೆ ಏನಾಗಿತ್ತು ನಿಮಗೆಲ್ಲ? ಬಾಯಲ್ಲಿ ಏನು ತುರುಕ್ಕೊಂಡಿದ್ರಿ?"

"ಹೇಳಿದ್ರೆ ಕೇಳೋರಾ ನೀವು?" ಈ ಸಲ ಚೌಡಪ್ಪನ ದನಿಯೂ ಗಡುಸಾಯಿತು. "ಚೀಲ ಕಂಡ್ರೆ ಮೈ ಮೇಲೆ ಬೀಳ್ತಿದ್ರಿ. ನೀವು ಮುನಿಸ್ಕೊಂಡ್ರೆ ನಮಗೆ ಇನ್ಯಾರಿದ್ರು? ಅದಕ್ಕೇ ಎಲ್ರೂ ಟೀ ಅಂಗಡೀಲಿ ಚೀಲ ಇಳಿಸಿ ನಿಮ್ಮ ಶೆಡ್ಡಿಗೆ ಬರ್ತಿದ್ವಿ. ಆ ದೊಡ್ಡಬೀರಪ್ಪ ಒಬ್ಬ, ಪಾಪ, ಆವತ್ತೊಂದು ದಿನ ಮುಚ್ಚಿಡೋದು ಮರೆತ."

ಅಂದವನು ತಾನು ಏನಂದೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡ. ಪಂಚಾಕ್ಷರಪ್ಪ ಆಗಲೇ ಕೋಲು ಹಿಡಿದು ಮೂಲೆಯ ಗುಜರಿಯ ಕಡೆ ಹೊರಟಿದ್ದ. ಹಳೇ ಮಡ್‌ಗಾರ್ಡುಗಳ ಅಡಿಯಲ್ಲಿ ಚೀಲ ಹಾಗೇ ಇತ್ತು. ಎರಡು ಪದರದ ಖಾಕಿ ಬಟ್ಟೆ, ಕೆಂಪು ದಾರದಲ್ಲಿ ಒತ್ತೊತ್ತಾಗಿ ಹಾಕಿದ ಹೊಲಿಗೆ. ಒಳಗೆ ಜರಡಿ ಹಿಡಿದ ಮರಳು, ನಡುವೆ ಒಡೆದ ರುಬ್ಬುಗುಂಡಿನ ಅರ್ಧ ಭಾಗ. ಅದು ಅಲುಗಾಡದಂತೆ ಸುತ್ತಲೂ ಹಳೇ ಸೀರೆಯ ತುಂಡು ಸುತ್ತಿತ್ತು. ಮೇಸ್ತ್ರಿ ಅದನ್ನು ಎದೆಗವಚಿಕೊಂಡು ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ವಾರ ಅದೇ ಚೀಲವನ್ನು ಬೈಕಿನ ಎಡಕ್ಕೆ ಕಟ್ಟಿಕೊಂಡು ಅವನು ಎಮ್ಮೆದೊಡ್ಡಿಗೆ ಹೋದ. ಬೀರೂರು, ಕಡೂರು ದಾಟುವವರೆಗೂ ಗಾಡಿ ಒಂದೇ ಒಂದು ಸಲ ಎಳೆಯಲಿಲ್ಲ. ಎಳೆದಿದ್ದರೆ ಅವನಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಬೀರಪ್ಪನ ಹೆಂಡತಿ ಶಂಕರಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಅವಳು ಬಂದವನ ಮುಖ ನೋಡಲಿಲ್ಲ, ಇಲ್ಲದ ಕಾಲನ್ನೂ ನೋಡಲಿಲ್ಲ. ಚೀಲ ನೋಡಿದಳು. ಮೊರ ಕೆಳಗಿಟ್ಟಳು.

"ಬಿಚ್ಚಿ ನೋಡಿದ್ರಾ?"

"ಈಗ ನೋಡ್ದೆ ಕಣಮ್ಮ."

"ತಕ್ಕಡೀಲಿ ತೂಗಿ ತೂಗಿ ಹೊಲ್ದಿದ್ದೆ. ಮೊದ್ಲು ಐದು ಸೇರು ಹಾಕ್ದೆ, ಸಾಲ್ದು ಅಂದ. ಆಮೇಲೆ ಗುಂಡುಕಲ್ಲು ಇಟ್ಟೆ. ಈಗ ನನ್ನ ಎರಡು ಕಾಲೂ ಬಂದ್ವು ಕಣೇ ಅಂತ ನಕ್ಕಿದ್ದ. ಗಾಡಿ ತಂದು ಹಾಕಿದ ದಿನ ಚೀಲ ಇರ್ಲಿಲ್ಲ. ಆವತ್ತೇ ತಿಳ್ಕೊಂಡೆ."

"ಹಾಗಾದ್ರೆ ಯಾಕಮ್ಮ ಸುಮ್ನಿದ್ದೆ?"

"ಸುಮ್ನಿದ್ನಾ? ಬಾಯಿ ಬಡ್ಕೊಂಡೆ! ಮೇಸ್ತ್ರಿ ಅಂಥೋರು ಸುಳ್ಳು ಹೇಳ್ತಾರೇನೇ, ಗಂಡನ ಕುಡಿತ ಮುಚ್ಚಿಡ್ತೀಯ ಅಂತ ನನಗೇ ತಿರುಗಿ ಬಿದ್ರು. ವಾಸ್ನೆ ಹೊಡೀತಿತ್ತಾ ಅಣ್ಣ? ನನ್ನ ಮುಖ ನೋಡಿ ಹೇಳಿ. ಹೊಡೀತಿತ್ತಾ?"

"ಇಲ್ಲ ಕಣಮ್ಮ." ಅವನ ತಲೆ ಎದೆಗೆ ಇಳಿದಿತ್ತು. "ತಪ್ಪಾಯ್ತು. ನಿನ್ನ ಕಾಲು ಹಿಡೀತೀನಿ."

"ನನ್ನ ಕಾಲು ಹಿಡಿದು ಏನು ಮಾಡ್ತೀರಾ?" ಅವಳು ಗಂಡನ ಫೋಟೋ ಇದ್ದ ಒಳಗಿನ ಗೋಡೆಯ ಕಡೆ ಕೈ ಮಾಡಿದಳು. "ಪಿತೃಪಕ್ಷದ ದಿನ ಹಿರಿಯರಿಗೆಲ್ಲ ಎಡೆ ಇಡ್ತಾರಲ್ಲ, ಸತ್ತೋರಿಗೆ ಆಸೆಯಿದ್ದದ್ದು ಇಡ್ತಾರೆ. ಮಾವನಿಗೆ ಬೀಡಿ, ಅತ್ತೆಗೆ ಹೊಗೆಸೊಪ್ಪು. ನನ್ನ ಗಂಡನ ಎಲೆ ಮುಂದೆ ಮಾತ್ರ ಪ್ರತಿ ವರ್ಷ ಒಂದು ಕ್ವಾರ್ಟರ್ ಬಾಟ್ಲಿ ಇಡ್ತಾನೆ ನಮ್ಮ ಮೈದುನ. ಬಿಟ್ಟು ಹನ್ನೊಂದು ವರ್ಷ ಆಗಿತ್ತು ಅಣ್ಣ ಅವನು. ಎಷ್ಟು ಕಷ್ಟಪಟ್ಟು ಬಿಟ್ಟಿದ್ದ ಅಂತ ನನಗೊಬ್ಬಳಿಗೆ ಗೊತ್ತು. ಬರೋ ಅಮಾಸೆಗೆ ನೆಂಟರೆಲ್ಲ ಸೇರ್ತಾರೆ. ಬನ್ನಿ. ಅವರ ಮುಂದೆ ಹೇಳಿ, ಆ ಬಾಟ್ಲಿ ತೆಗೆಸಿ. ನನಗೆ ಬೇರೇನೂ ಬೇಡ."

"ತೆಗೆಸ್ತೀನಿ ಕಣಮ್ಮ. ಇದೊಂದು ಮಾಡೇ ಮಾಡ್ತೀನಿ" ಎಂದು ಪಂಚಾಕ್ಷರಪ್ಪ ಲಿಂಗ ಮುಟ್ಟಿ ಹೇಳಿದ. ಹೊರಡುವಾಗ ಚೀಲ ಬಿಚ್ಚಿ ಕೊಡಲು ಹೋದ.

"ಅದಿರ್ಲಿ" ಎಂದಳು ಶಂಕರಮ್ಮ. "ನೀವೂ ಬಿದ್ದು ಸತ್ರೆ ಹೇಳೋರು ಯಾರು?"

ಅಮಾವಾಸ್ಯೆಯ ದಿನ ಅವನು ಹೋದಾಗ ಲಕ್ಷ್ಮಣಪ್ಪನ ಮನೆಯ ತುಂಬ ಜನ. ನಡುಮನೆಯಲ್ಲಿ ಗೋಡೆಗೆ ಹಿರಿಯರ ಫೋಟೋಗಳು, ಹೊಸ ಬಟ್ಟೆ, ಕೆಳಗೆ ಸಾಲಾಗಿ ಬಾಳೆಲೆ. ಮೂರನೇ ಎಲೆಯ ಮುಂದೆ ಬಾಟಲಿ ನಿಂತಿತ್ತು. ಮೇಸ್ತ್ರಿ ಬಂದದ್ದು ಕಂಡು ಎಲ್ಲರೂ ಎದ್ದು ನಿಂತರು, ಕುರ್ಚಿ ತಂದರು. ಅವನು ಕೂರಲಿಲ್ಲ. ಎರಡೂ ಕಂಕುಳ ಕೋಲಿನ ಮೇಲೆ ನಿಂತುಕೊಂಡು ಎಲ್ಲವನ್ನೂ ಹೇಳಿದ. ಚೀಲ ಕತ್ತರಿಸಿದ್ದು, ಬೀರಪ್ಪ 'ಇರ್ಲಿ ಬಿಡಣ್ಣ' ಅಂದದ್ದು, ಹೆದರಿ ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. 

 ಒಬ್ಬಳು ಮುದುಕಿ ಲೊಚಗುಟ್ಟಿದಳು. "ಅಯ್ಯೋ ಪಾಪ, ಕಾಲು ಹೋದ್ಮೇಲೆ ಎಷ್ಟು ನೊಂದ್ಕೊಂಡಿದ್ದಾರೆ ನೋಡ್ರವ್ವ."

ಲಕ್ಷ್ಮಣಪ್ಪ ಮುಂದೆ ಬಂದು ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು. "ದೇವರಂಥೋರು ಅಣ್ಣ ನೀವು. ಸತ್ತೋನ ಮಾನ ಉಳಿಸೋಕೆ ಅವನ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ. ನಮ್ಮತ್ತಿಗೆ ಬಂದು ಅತ್ತಿರ್ಬೇಕು ನಿಮ್ಮ ಹತ್ರ."

"ಅಲ್ಲ ಕಣೋ! ಆವತ್ತು ಹೇಳಿದ್ದು ಸುಳ್ಳು, ಇವತ್ತು ಹೇಳ್ತಿರೋದು ನಿಜ!"

"ಆಯ್ತಣ್ಣ, ಆಯ್ತು. ಕೂತ್ಕೊಳ್ಳಿ. ಲೇ, ಯಜಮಾನ್ರಿಗೆ ನೀರು ತನ್ನಿ."

"ನೀರು ಬೇಡ. ಆ ಬಾಟ್ಲಿ ತೆಗಿ."

ಲಕ್ಷ್ಮಣಪ್ಪ ಬಾಟಲಿಯ ಕಡೆ ನೋಡಿ ತಲೆಯಾಡಿಸಿದ. "ಇಟ್ಟ ಎಡೆ ಕದಲಿಸೋ ಹಾಗಿಲ್ಲಣ್ಣ. ಅಕಸ್ಮಾತ್ ಅವನಿಗೆ ಆಸೆ ಇದ್ದು, ನಾವು ಇಡದೆ ಹೋದ್ರೆ? ಹಸ್ಕೊಂಡು ಹೋದ ಅನ್ನೋ ಪಾಪ ನಮಗ್ಯಾಕೆ?"

ಪಂಚಾಕ್ಷರಪ್ಪ ತಾನೇ ಮುಂದೆ ಹೋದ. ಬಾಟಲಿ ನೆಲದ ಮೇಲಿತ್ತು. ಬಗ್ಗಲು ಒಂದು ಕೋಲು ಬಿಡಬೇಕು, ಕೋಲು ಬಿಟ್ಟರೆ ಬೀಳುತ್ತಾನೆ. ಬಿಟ್ಟೇಬಿಟ್ಟ. ಲಕ್ಷ್ಮಣಪ್ಪನೂ ಇನ್ನೊಬ್ಬನೂ ಹಾರಿ ಬಂದು ಎರಡೂ ರಟ್ಟೆ ಹಿಡಿದುಕೊಂಡರು. ಬೀಳದ ಹಾಗೆ ಬಹಳ ಪ್ರೀತಿಯಿಂದ ಹಿಡಿದುಕೊಂಡು, ಬಾಗಿಲಾಚೆ ಕರೆದು ತಂದು ಜಗಲಿಯ ಮೇಲೆ ಕೂರಿಸಿದರು. ಒಳಗೆ ಧೂಪ ಹಾಕಿದರು. ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಂಡರು.

ಶಂಕರಮ್ಮ ಕೊನೆಗೆ ಬಂದಳು. ಬಂದು ಅವನ ಬೈಕಿನ ಪಕ್ಕ ಚೀಲದ ಹತ್ತಿರ ನಿಂತಳು. ಅವನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಹೇಳ್ದೆ ಕಣಮ್ಮ" ಎಂದ. "ಎಲ್ಲ ಹೇಳ್ದೆ. ನಂಬ್ಲಿಲ್ಲ."

"ಕೇಳಿಸ್ತು" ಎಂದಳು ಅವಳು, ಮುಚ್ಚಿದ ಬಾಗಿಲನ್ನೇ ನೋಡುತ್ತ. "ಈ ಹೊತ್ತಿಗೆ ಬಂದಿರ್ತಾನೆ. ಬಾಟ್ಲಿ ನೋಡಿ, ಎಲೆ ಮುಟ್ಟದೆ ಎದ್ದು ಹೋಗ್ತಾನೆ."